ವಚನಗಳ ಮಗ್ಗ ಮತ್ತು ವ್ಯಾಖ್ಯಾನಕಾರರ ನಿಘಂಟು

ವೃತ್ತಿಯ ಪರಿಭಾಷೆಯಲ್ಲಿ ರಚಿತವಾದ ವಚನಗಳಿಗೆ ಅರ್ಥವನ್ನು ಹೇಳುವಾಗ ವ್ಯಾಖ್ಯಾನಕಾರರು ಎರಡು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಯಲ್ಲಿ ದಾಟುವುದು ವಾಡಿಕೆಯಾಗಿದೆ. ಮಗ್ಗವೆಂದರೆ ದೇಹ, ಲಾಳಿಯೆಂದರೆ ಉಸಿರು, ಸೀರೆಯೆಂದರೆ ಸಾಧನೆಯ ಫಲ ಎಂದು ಹೇಳಿದೊಡನೆ ಪಾಠವು ಮುಗಿಯಿತೆಂದು ಗುರುವೂ ಶಿಷ್ಯರೂ ತೃಪ್ತರಾಗುತ್ತಾರೆ. ಮುಖ್ಯಾರ್ಥಕ್ಕೆ ಬಾಧೆ ಬಂದಲ್ಲದೆ ಲಕ್ಷಣೆಗೆ ಅವಕಾಶವಿಲ್ಲವೆಂಬುದು ಆಲಂಕಾರಿಕರ ಮತ. ಬಾಧೆ ಬಂದಿತೋ ಇಲ್ಲವೋ ಎಂಬುದನ್ನು ನಿರ್ಣಯಿಸಬೇಕಾದರೆ ಮುಖ್ಯಾರ್ಥವು ಮೊದಲು ತಿಳಿದಿರಬೇಕಷ್ಟೆ. ಲಾಳಿಯನ್ನು ಕಣ್ಣಿನಿಂದ ಕಾಣದವನು ಅದಕ್ಕೆ ಉಸಿರೆಂದು ಅರ್ಥ ಹೇಳಿದರೆ, ಅದು ಲಕ್ಷಣೆಯಲ್ಲ. ಒಂದು ಅಜ್ಞಾತ ವಸ್ತುವಿನ ಮೇಲೆ ಇನ್ನೊಂದು ಜ್ಞಾತ ವಸ್ತುವಿನ ಹೆಸರನ್ನು ಅಂಟಿಸಿದಂತಾಗುತ್ತದೆ.

ಈ ಮಾತು ಬೆಳಗಾವಿಯ ವಿಷಯದಲ್ಲಿ ವಿಶೇಷವಾಗಿ ಸಲ್ಲುತ್ತದೆ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಅಚ್ಚಾದುದು ಈ ಊರಿನಲ್ಲಿಯೇ. ಇಲ್ಲಿಯ ವಡಗಾವಿ, ಖಾಸಬಾಗ, ಶಹಾಪುರಗಳು ನೇಕಾರರ ವಸತಿಗಳೆಂದು ಪ್ರಸಿದ್ಧವಾದವು. ಇವುಗಳಲ್ಲಿ ಶಹಾಪುರವು 1948ರವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಅದರ ಸೀರೆಗಳು ಊರಿನ ಹೆಸರಿನಿಂದಲೇ ಪೇಟೆಗಳಲ್ಲಿ ಕರೆಯಲ್ಪಡುತ್ತಿದ್ದವು. ನೇಕಾರನ ವಚನವು ಅಚ್ಚಾದ ಊರಿನಲ್ಲಿಯೇ ನೇಕಾರನ ಮಗ್ಗವೂ ನಡೆಯುತ್ತಿದ್ದಿತು; ಆದರೆ ಒಂದನ್ನು ಹಿಡಿದು ಇನ್ನೊಂದನ್ನು ನೋಡುವ ಪ್ರಯತ್ನವು ಆಗಬೇಕಾದಷ್ಟು ಆಗಲಿಲ್ಲ.

ಈ ಉದಾಸೀನವು ಕನ್ನಡದ ವ್ಯಾಖ್ಯಾನಕಾರರದು ಮಾತ್ರವೆಂದು ತಿಳಿಯಬಾರದು. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕವನ್ನು ಆರಂಭಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ತಂತುವೂ ಪಟವೂ ಎಂಬ ಉದಾಹರಣೆಯನ್ನು ಕಂಠಪಾಠ ಮಾಡುತ್ತಾನೆ. ಪಟಕ್ಕೆ ತಂತುಗಳು ಸಮವಾಯಿಕಾರಣ, ತಂತುಗಳ ಸಂಯೋಗವು ಅಸಮವಾಯಿಕಾರಣ, ತುರೀ ವೇಮ ಮೊದಲಾದವು ನಿಮಿತ್ತಕಾರಣ. ಇದನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಬಲ್ಲ ಹತ್ತು ಮಂದಿಯನ್ನು ನಿಲ್ಲಿಸಿ, ತುರಿಯೆಂದರೆ ಯಾವುದು, ವೇಮವೆಂದರೆ ಯಾವುದು, ಮಗ್ಗದ ಯಾವ ಎಡೆಯಲ್ಲಿ ಅವು ಇರುತ್ತವೆ ಎಂದು ಕೇಳಿದರೆ ಒಂಬತ್ತು ಮಂದಿ ನೆಲವನ್ನು ನೋಡುವರು. ಹತ್ತನೆಯವನು ನೇಕಾರರ ಮನೆಯವನಾಗಿರಬೇಕು. ಪಾಣಿನಿಯ ಕಾಲದ ಸ್ಥಿತಿ ಹೀಗಿರಲಿಲ್ಲವೆಂಬುದಕ್ಕೆ ಅವನ ಸೂತ್ರಗಳೇ ಸಾಕ್ಷಿ. ಮಗ್ಗದಿಂದ ಆಗ ತಾನೆ ಇಳಿಸಿದ ಬಟ್ಟೆಗೆ ‘ತಂತ್ರಕ’ವೆಂಬ ರೂಪವನ್ನು ಸಾಧಿಸಲು ಅವನು ಒಂದು ಸೂತ್ರವನ್ನು ಮೀಸಲಿಟ್ಟನು, ನೇಕಾರನ ಕಡ್ಡಿಯಿಂದ ಬಿಡುಗಡೆಗೊಂಡ ಬಟ್ಟೆಯೆಂಬ ಅರ್ಥದ ‘ನಿಷ್ಪ್ರವಾಣಿ’ ಎಂಬ ಶಬ್ದಕ್ಕಾಗಿ ಮತ್ತೊಂದನ್ನು ಹೇಳಿದನು. ಈ ಎರಡು ಶಬ್ದಗಳನ್ನೂ ಅಮರಸಿಂಹನು ಹೊಸ ಬಟ್ಟೆಯ ಹೆಸರುಗಳಲ್ಲಿ ಸೇರಿಸಿದನು. ವ್ಯಾಕರಣವು ನೇಕಾರನ ಓಣಿಗೆ ಹೋಗಿ ಶಬ್ದಗಳನ್ನು ಆರಿಸಿ ತಂದ ಕಾಲವದು.

ಈಗ ಜೇಡರ ದಾಸಿಮಯ್ಯನ ಪ್ರಸಿದ್ಧವಾದ ನೇಯ್ಗೆಯ ವಚನವನ್ನು ಪರಿಶೀಲಿಸಬಹುದು. ಇವನು ಬಸವಣ್ಣನವರಿಗಿಂತ ಹಿಂದಿನವನು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ರಾಮನಾಥನೆಂಬುದು ಇವನ ಅಂಕಿತ. ಇವನೂ ದೇವರ ದಾಸಿಮಯ್ಯನೂ ಒಬ್ಬನೇ ಅಲ್ಲವೆಂದು ಎಂ. ಚಿದಾನಂದಮೂರ್ತಿಯವರು ವಾದಿಸಿದ್ದಾರೆ, ಆ ವಿವಾದವು ಪ್ರಸ್ತುತಕ್ಕೆ ಬೇಕಿಲ್ಲ. ವಚನದ ಅಭಿಪ್ರಾಯವನ್ನು ಗದ್ಯದಲ್ಲಿ ಹೇಳುವುದಾದರೆ, ಉಂಕೆಯನ್ನು ನೀಡಿ ನೇರಗೊಳಿಸಿದುದು, ಎಳೆಗಳನ್ನು ಸಮಮಾಡಿದುದು, ಕಾಲುಗಳನ್ನು ಸರಿಯಾಗಿ ಇಟ್ಟುದು, ಲಾಳಿಯೊಳಗಣ ಮುಳ್ಳು ಕಂಡಿಕೆಯನ್ನು ತಿಂದುಹಾಕಿದುದು ಇವನ್ನು ಕ್ರಮವಾಗಿ ಹೇಳಿ, ನೇಯ್ದವರು ಯಾರೆಂದು ರಾಮನಾಥನನ್ನು ಕೇಳುತ್ತದೆ. ತರಗತಿಗಳಲ್ಲಿ ಇದು ಬೆಡಗಿನ ವಚನವೆಂದೂ, ಒಗಟಿನಂತೆ ಅಸಂಗತವಾದ ಮಾತುಗಳ ಹಿಂದೆ ಯೋಗಾರ್ಥವು ಅಡಗಿದೆಯೆಂದೂ ಹೇಳುವುದುಂಟು. ಮುಳ್ಳು ನುಂಗುವುದೆಂದರೆ ಅಸಂಗತವಲ್ಲದೆ ಮತ್ತೇನು ಎಂಬುದು ಅವರ ತರ್ಕ.

ಉಂಕೆಯೆಂಬುದು ಹಾಸಿನ ನೂಲು. ಕೈಮಗ್ಗದ ಕಾಲದಲ್ಲಿ ನೇಕಾರರು ಬೆಳಗಿನ ತಂಪಿನಲ್ಲಿ ಓಣಿಯ ಉದ್ದಕ್ಕೂ ಅದನ್ನು ಬಿಗಿದು ಹರವಿ, ಗಂಜಿಯನ್ನು ಬಳಿದು, ಕುಂಚದಿಂದ ತೀಡುತ್ತಿದ್ದರು. ಬಿಸಿಲೇರಿದರೆ ಗಂಜಿಯು ಬೇಗನೆ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವವು. ಆದುದರಿಂದಲೇ ಆ ಕೆಲಸಕ್ಕೆ ಬೆಳಗಿನ ಹೊತ್ತು. ಮನೆಯ ಹೆಂಗಸರು ಮಕ್ಕಳು ಎಲ್ಲರೂ ಕೈಹಾಕದೆ ಅದು ಆಗುತ್ತಿರಲಿಲ್ಲ. ವಚನದ ಮೊದಲನೆಯ ಕ್ರಿಯೆ ಇದೇ. ಇಲ್ಲಿ ಗಮನಿಸಬೇಕಾದುದೇನೆಂದರೆ, ಇದು ಮಗ್ಗದ ಮೇಲಿನ ಕೆಲಸವಲ್ಲ, ಮಗ್ಗಕ್ಕೆ ಮೊದಲಿನದು. ಮುಂದೆ ಬರುವ ‘ಸರಿಗೆ’ಯೆಂಬ ಶಬ್ದವು ಇಂದಿನ ಓದುಗನನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಸರಿಗೆಯೆಂದೊಡನೆ ಚಿನ್ನದ ಜರಿಯು ನೆನಪಿಗೆ ಬರುವುದು. ಹಾಗಾಗಿ ದಾಸಿಮಯ್ಯನು ಜರಿಯ ಸೀರೆಯನ್ನು ನೇಯುತ್ತಿದ್ದನೆಂದು ಹೇಳಿದವರಿಲ್ಲದಿಲ್ಲ. ಕ್ರಿಯೆಗಳ ಅನುಕ್ರಮವನ್ನು ನೋಡಿದರೆ ಈ ಅರ್ಥವು ನಿಲ್ಲದು. ಹಾಸನ್ನು ನೇರಗೊಳಿಸಿದ ಮೇಲೆ, ಕಾಲನ್ನು ಇಡುವುದಕ್ಕೆ ಮುಂಚೆ, ಸಮಮಾಡಬೇಕಾದುದು ಬಿಗಿದ ಎಳೆಗಳ ಬಿಗಿತವನ್ನೇ. ಒಂದು ಎಳೆಯು ಸಡಿಲವಾದರೆ ಜೋತುಬಿದ್ದು ಲಾಳಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಅತಿ ಬಿಗಿಯಾದರೆ ಹರಿಯುತ್ತದೆ. ತಂತಿ, ಎಳೆ ಎಂಬ ಮೂಲಾರ್ಥವೇ ಇಲ್ಲಿ ಸಾಧುವಾದುದು.

ಕಾಲುಗಳ ಮಾತು ಇನ್ನೂ ಸೂಕ್ಷ್ಮವಾದುದು. ಕುಣಿಮಗ್ಗದಲ್ಲಿ ನೇಕಾರನು ನೆಲದ ಅಂಚಿನಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿಯ ತುಳಿಹಲಗೆಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಾನೆ. ಒಂದನ್ನು ಒತ್ತಿದಾಗ ಹಾಸಿನ ಅರ್ಧ ಎಳೆಗಳು ಮೇಲೆದ್ದು ಉಳಿದರ್ಧವು ಕೆಳಗಿಳಿದು ನಡುವೆ ಬಾಯಿ ತೆರೆಯುವುದು. ಆ ಬಾಯಿಯೊಳಗೆ ಲಾಳಿಯು ಹೊಗುತ್ತದೆ. ಹೊಗುವುದರಿಂದಲೇ ಅಡ್ಡನೂಲಿಗೆ ‘ಹೊಕ್ಕು’ ಎಂದು ಹೆಸರು, ಹಾಸಿದುದು ‘ಹಾಸು’. ‘ಹಾಸುಹೊಕ್ಕು’ ಎಂಬ ನುಡಿಯನ್ನು ದಿನಕ್ಕೆ ಹತ್ತು ಸಲ ಬಳಸುವ ಬರಹಗಾರರು ಈ ವ್ಯುತ್ಪತ್ತಿಯನ್ನು ಒಮ್ಮೆಯಾದರೂ ನೆನೆದರೆ ಒಳಿತು. ಎರಡು ಕಾಲುಗಳೂ ಸಮನಾಗಿ ನಿಂತಾಗ ಬಾಯಿಯು ಮುಚ್ಚಿರುತ್ತದೆ, ಲಾಳಿಯು ಹೋಗಲಾರದು. ಆದುದರಿಂದ ಸಮವಾಗಿ ಕಾಲಿಡುವುದೆಂಬುದು ನೇಯ್ಗೆಯು ಇನ್ನೂ ಆರಂಭವಾಗದ, ಆದರೆ ಎಲ್ಲವೂ ಸಿದ್ಧವಾದ ಕ್ಷಣವನ್ನು ಸೂಚಿಸುವುದೆಂದು ಹೇಳಬೇಕು. ಮುಂದಿನ ಪದಗುಚ್ಛದಲ್ಲಿ ಏಳೆಂಬ ಸಂಖ್ಯೆಯನ್ನು ಕಂಡು ಸಪ್ತಧಾತುಗಳನ್ನೋ ಸಪ್ತವ್ಯಸನಗಳನ್ನೋ ಹೇಳುವವರೊಡನೆ ಜಗಳವಿಲ್ಲ; ಆ ಒಂದೆಡೆಯಲ್ಲಿ ಯೋಗಾರ್ಥವು ಮುಂದೆ ಬಂದರೆ ಬರಲಿ.

ಅಸಂಗತವೆಂದು ಹೇಳಲಾದ ಮಾತು ಇನ್ನು ಉಳಿದುದು. ಲಾಳಿಯು ಎರಡು ತುದಿಗಳಲ್ಲಿಯೂ ಚೂಪಾದ, ನಡುವೆ ಟೊಳ್ಳಾದ ದೋಣಿಯಂಥ ಸಾಧನ. ಆ ಟೊಳ್ಳಿನೊಳಗೆ ಒಂದು ಸಣ್ಣ ಕಡ್ಡಿಯು ಇರುತ್ತದೆ. ಅದೇ ‘ಮುಳ್ಳು’. ಹೊಕ್ಕಿನ ನೂಲನ್ನು ಸುತ್ತಿದ ಕಂಡಿಕೆಯನ್ನು ಆ ಮುಳ್ಳಿಗೆ ಸಿಕ್ಕಿಸುತ್ತಾರೆ. ಲಾಳಿಯು ಅತ್ತಿಂದಿತ್ತ ಓಡಿದಂತೆಲ್ಲ ಕಂಡಿಕೆಯ ನೂಲು ಬಿಚ್ಚುತ್ತ, ಅದರ ಮೈಯು ಕ್ಷಣಕ್ಷಣಕ್ಕೆ ಕರಗುತ್ತ, ಕಡೆಗೆ ನೂಲಿಲ್ಲದ ಕಡ್ಡಿಯಷ್ಟೇ ಉಳಿಯುತ್ತದೆ. ಮಗ್ಗದ ಮುಂದೆ ಅರ್ಧಗಳಿಗೆ ಕುಳಿತವನಿಗೆ ಮುಳ್ಳು ಕಂಡಿಕೆಯನ್ನು ನುಂಗಿತೆಂಬ ಮಾತಿನಲ್ಲಿ ಒಗಟೇನೂ ಕಾಣದು. ಅದು ಕಣ್ಣಿಗೆ ಕಂಡುದನ್ನು ಕಂಡಂತೆಯೇ ಹೇಳಿದ ಸ್ವಭಾವೋಕ್ತಿ. ಹೊಕ್ಕಿನ ನೂಲು ಎಲ್ಲಿಗೆ ಹೋಯಿತು? ಬಟ್ಟೆಯೊಳಕ್ಕೆ ಹೋಯಿತು. ಲಾಳಿಯು ಬರಿದಾಯಿತು, ಬಟ್ಟೆಯು ತುಂಬಿತು. ಕೇಳುವ ಪ್ರಶ್ನೆಯು ಹುಟ್ಟುವುದು ಈ ಕ್ಷಣದಲ್ಲಿ, ಇದಕ್ಕೆ ಮುಂಚೆಯಲ್ಲ. ಹಾಸು ಹಾಸುವಾಗ ‘ಇದನ್ನು ಯಾರು ನೇಯ್ದರು’ ಎಂದು ಕೇಳಲಾಗದು. ನೇಯುವ ನೂಲೇ ಮುಗಿದು ಲಾಳಿಯು ನಿಂತಾಗ ಕೇಳಬಹುದು. ವಚನದ ವಾಕ್ಯಕ್ರಮವು ಮಗ್ಗದ ಕೆಲಸದ ಕ್ರಮವೇ ಆಗಿರುವುದನ್ನು ಕಾಣದೆ, ನಾಲ್ಕು ಸಂಕೇತಗಳನ್ನು ಯಾವ ಕ್ರಮದಲ್ಲಿ ಹೇಳಿದರೂ ಸರಿಯೆಂಬಂತೆ ವಿವರಿಸುವ ಟಿಪ್ಪಣಿಗಳು ವಚನದ ಜೀವವನ್ನೇ ಬಿಟ್ಟುಬಿಡುತ್ತವೆ.

‘ಸೀರೆ’ ಎಂಬ ಶಬ್ದದ ವಿಷಯದಲ್ಲಿಯೂ ಎಚ್ಚರವು ಬೇಕು. ಹಳಗನ್ನಡದಲ್ಲಿ ಸೀರೆಯೆಂದರೆ ಬಟ್ಟೆಯೆಂಬ ಸಾಮಾನ್ಯಾರ್ಥವೇ ಉಂಟು. ಗಂಡಸರು ಉಡುವುದೂ ಸೀರೆಯೇ. ಹೆಂಗಸರ ಉಡುಗೆಗೆ ಮಾತ್ರ ಅದು ಸಂಕುಚಿತವಾದುದು ಈಚೆಗೆ. ದಾಸಿಮಯ್ಯನ ಸೀರೆಯನ್ನು ಇಳಕಲ್ಲಿನ ಸೀರೆಯಂತೆ ಚಿತ್ರಿಸಿ ಪಾಠಪುಸ್ತಕಗಳಿಗೆ ಚಿತ್ರ ಬರೆಯುವವರು ಇದನ್ನು ಗಮನಿಸಬೇಕು.

ಪ್ರಶ್ನೆಯ ತಾತ್ತ್ವಿಕ ಭಾಗಕ್ಕೆ ಬಂದರೆ, ಇಲ್ಲಿ ತರ್ಕಸಂಗ್ರಹದ ಉದಾಹರಣೆಯು ಅನಿರೀಕ್ಷಿತವಾಗಿ ನೆರವಿಗೆ ಬರುವುದು. ಪಟಕ್ಕೆ ತುರೀವೇಮಗಳಂತೆ ಕುವಿಂದನೂ, ಅಂದರೆ ನೇಕಾರನೂ, ನಿಮಿತ್ತಕಾರಣನೇ. ಎಲ್ಲ ಕಾರ್ಯಗಳಿಗೂ ಈಶ್ವರನು ಸಾಧಾರಣ ನಿಮಿತ್ತಕಾರಣನೆಂದು ನೈಯಾಯಿಕರು ಹೇಳುವರು. ಹಾಗಾದರೆ ಒಂದೇ ಬಟ್ಟೆಗೆ ಇಬ್ಬರು ಕರ್ತೃಗಳಾದರು. ನೈಯಾಯಿಕನು ಸಾಧಾರಣ, ಅಸಾಧಾರಣ ಎಂಬ ಭೇದವನ್ನು ಮಾಡಿ ನಿಶ್ಚಿಂತನಾಗುತ್ತಾನೆ. ದಾಸಿಮಯ್ಯನು ಆ ಭೇದವನ್ನು ಮಾಡಲೊಲ್ಲನು. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಎದುರುಬದುರಾಗಿ ನಿಲ್ಲಿಸಿ ಉತ್ತರ ಕೊಡದೆ ಬಿಡುತ್ತಾನೆ. ಅವನು ನ್ಯಾಯವನ್ನು ಓದಿದ್ದನೆಂದು ಇದರಿಂದ ಸಾಧಿಸಹೊರಟರೆ ಅತಿಯಾದೀತು. ಆದರೆ ನೈಯಾಯಿಕನಿಗೆ ಉದಾಹರಣೆಯಾಗಿ ಮಾತ್ರ ಬೇಕಾಗಿದ್ದ ಮಗ್ಗದಲ್ಲಿ ಕುಳಿತವನಿಗೇ ಆ ಪ್ರಶ್ನೆಯು ನಿಜವಾದ ಪ್ರಶ್ನೆಯಾಯಿತೆಂಬುದನ್ನು ಅಲ್ಲಗಳೆಯಲಾಗದು.

ನೂಲುವವರ ವಚನಗಳಿಗೆ ಬಂದರೆ ವ್ಯಾಖ್ಯಾನದ ಪ್ರಶ್ನೆಯು ಇತಿಹಾಸದ ಪ್ರಶ್ನೆಯೇ ಆಗಿಬಿಡುತ್ತದೆ. ಕದಿರೆಕಾಯಕದ ಕಾಳವ್ವೆ, ಕದಿರ ರೆಮ್ಮವ್ವೆ ಎಂಬ ಶರಣೆಯರ ಹೆಸರುಗಳು ಪ್ರಸಿದ್ಧವಾಗಿವೆ. ರೆಮ್ಮವ್ವೆಯ ಹೆಸರಿನಲ್ಲಿ ದೊರೆಯುವ ಒಂದು ವಚನವು ತಾನು ತಿರುಗಿಸುವ ರಾಟೆಯ ಅಡಿಹಲಗೆ ಮೊದಲಾದ ಅಂಗಗಳಿಗೆ ಒಂದೊಂದು ದೈವವನ್ನು ಹೇಳುತ್ತದೆ. ಭಕ್ತಿಯ ದೃಷ್ಟಿಯಿಂದ ಇದು ಸಾಮಾನ್ಯ ರೂಪಕವೆಂದು ತೋರಬಹುದು. ಆದರೆ ನೂಲುವ ರಾಟೆಯು ಭರತಖಂಡಕ್ಕೆ ಯಾವಾಗ ಬಂದಿತೆಂಬುದು ವಿವಾದದ ವಿಷಯ. ಅದು ತುರುಷ್ಕರ ಆಗಮನದ ಅನಂತರ ಹೊರಗಿನಿಂದ ಬಂದಿತೆಂದೂ, 1350ರ ಇಸಾಮಿಯ ಪಾರಸಿಕ ಕಾವ್ಯದಲ್ಲಿ ಅದರ ಸ್ಪಷ್ಟವಾದ ಮೊದಲ ಉಲ್ಲೇಖವು ದೊರೆಯುತ್ತದೆಂದೂ ಇತಿಹಾಸಜ್ಞರಾದ ಇರ್ಫಾನ್ ಹಬೀಬರು ಪ್ರತಿಪಾದಿಸಿದರು. ದಕ್ಷಿಣದ ನೇಕಾರರ ಇತಿಹಾಸವನ್ನು ಬರೆದ ವಿಜಯಾ ರಾಮಸ್ವಾಮಿಯವರು ಇದಕ್ಕೆ ಪ್ರತಿಯಾಗಿ ರೆಮ್ಮವ್ವೆಯ ವಚನವನ್ನು ಮುಂದಿಟ್ಟರು. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳ ಬಾಯಲ್ಲಿ ರಾಟೆಯು ಬಂದುದಾದರೆ ಹಬೀಬರ ವಾದವು ಎರಡು ಶತಮಾನಗಳಷ್ಟು ಹಿಂದೆ ಸರಿಯಬೇಕಾಗುವುದು.

ಇಲ್ಲಿ ಕನ್ನಡ ವಿದ್ವಾಂಸರ ಹೊಣೆಯು ದೊಡ್ಡದು; ಅಭಿಮಾನದಿಂದ ಅದು ತೀರುವಂಥದಲ್ಲ. ವಚನಗಳು ದೊರೆತಿರುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚೆಗಿನ ಸಂಕಲನಗಳಲ್ಲಿಯೂ ಓಲೆಗಳಲ್ಲಿಯೂ. ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬರುವಾಗ ವೃತ್ತಿಯ ಪದಗಳು ಆಯಾ ಕಾಲದ ಸಲಕರಣೆಗಳಿಗೆ ತಕ್ಕಂತೆ ಬದಲಾಗುವುದು ಅಸಂಭವವಲ್ಲ. ಆದುದರಿಂದ ಎರಡು ಸಾಕ್ಷ್ಯಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಶರಣೆಯರ ಹೆಸರಿನಲ್ಲಿಯೇ ಸೇರಿರುವ ‘ಕದಿರು’ ಎಂಬುದು ಗಟ್ಟಿಯಾದ ಸಾಕ್ಷ್ಯ. ಕಾಯಕದ ಹೆಸರು ಸುಲಭವಾಗಿ ಬದಲಾಗದು. ಆದರೆ ಕದಿರು ರಾಟೆಯಲ್ಲ. ಕೈಯಲ್ಲಿ ತಿರುಗಿಸುವ ಬರಿಯ ಕಡ್ಡಿಗೂ ಕದಿರೆಂದೇ ಹೆಸರು, ರಾಟೆಯ ತುದಿಯಲ್ಲಿ ತಿರುಗುವ ಕಡ್ಡಿಗೂ ಅದೇ ಹೆಸರು. ರಾಟೆಯ ಸಾಕ್ಷ್ಯವು ನಿಂತಿರುವುದು ಆ ಒಂದು ವಚನದ ಪಾಠದ ಮೇಲೆ. ಈ ಭೇದವನ್ನು ಮಾಡದೆ ‘ಕದಿರೆಕಾಯಕ’ವನ್ನೇ ರಾಟೆಯ ಪ್ರಮಾಣವೆಂದು ಎತ್ತಿಹಿಡಿಯುವ ಲೇಖನಗಳು ಸಾಧ್ಯವನ್ನು ಸಿದ್ಧವೆಂದು ಎಣಿಸಿದಂತಾಗಿವೆ. ಆದರೂ ಆ ವಚನದಲ್ಲಿ ಅಂಗಾಂಗಗಳು ಒಂದರ ಮೇಲೊಂದು ಕಟ್ಟಿಕೊಂಡಿರುವ ಬಗೆಯನ್ನು ನೋಡಿದರೆ, ಒಂದು ಪದವನ್ನು ಯಾರೋ ಬದಲಾಯಿಸಿದರೆಂಬ ಊಹೆಯು ಸಾಲದೆಂದೂ, ವಚನವೇ ರಾಟೆಯ ಸುತ್ತ ಹುಟ್ಟಿತೆಂದೂ ಒಪ್ಪಬೇಕಾಗುವುದು. ಪ್ರಶ್ನೆಯು ಹಾಗಾದರೆ ಪದದ್ದಲ್ಲ, ವಚನದ ಕರ್ತೃತ್ವದ್ದು. ಅದನ್ನು ತೀರ್ಮಾನಿಸಬೇಕಾದವರು ಗ್ರಂಥಸಂಪಾದಕರೇ ಹೊರತು ಯಂತ್ರಶಾಸ್ತ್ರದ ಇತಿಹಾಸಕಾರರಲ್ಲ.

ಒಂದು ಕಾಲದಲ್ಲಿ ಬೆಳಗಾವಿಯ ಓದುಬಲ್ಲವರು ರಾಟೆಯ ಅಂಗಗಳನ್ನು ನಿಘಂಟಿನ ನೆರವಿಲ್ಲದೆ ತಿಳಿದಿದ್ದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನೆರೆದ ಕಾಂಗ್ರೆಸ್ಸು, ಸದಸ್ಯತ್ವಕ್ಕೆ ಪ್ರತಿ ತಿಂಗಳು 2000 ಗಜ ನೂಲನ್ನು ಕೊಡಬೇಕೆಂಬ ನಿಯಮವನ್ನು ಅಂಗೀಕರಿಸಿತು. 1925ರಲ್ಲಿಯೇ ಅದು ಐಚ್ಛಿಕವಾಯಿತಾದರೂ, ವಕೀಲರೂ ಉಪಾಧ್ಯಾಯರೂ ಹಂಜಿ, ಕದಿರು, ಲಡಿಗಳನ್ನು ಕೈಯಲ್ಲಿ ಹಿಡಿದರು. ಗಂಗಾಧರರಾವ ದೇಶಪಾಂಡೆಯವರ ಹುದಲಿಯಲ್ಲಿ ಖಾದಿಯ ಕೆಲಸವು ಬೇರೂರಿತು. ‘ವಚನಶಾಸ್ತ್ರಸಾರ’ವು ಹೊರಬಿದ್ದು ಒಂದು ವರ್ಷವಾಗಿದ್ದ ಆ ಕಾಲವೇ ರೆಮ್ಮವ್ವೆಯ ವಚನಕ್ಕೆ ಟೀಕೆ ಬರೆಯಲು ಅತ್ಯಂತ ಅನುಕೂಲವಾಗಿದ್ದುದು.

ಹೊಲಿಗೆಯ ವಿಷಯದಲ್ಲಿ ವ್ಯಾಖ್ಯಾನಕಾರರಿಗಿಂತ ಶಿಲ್ಪವನ್ನು ನೋಡಿ ಬರೆಯುವವರ ತಪ್ಪು ಹೆಚ್ಚು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯವು ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ಕಾಲದ್ದು, 1169ರದು. ಇಂಥ ದೇವಾಲಯಗಳ ಪ್ರತಿಮೆಗಳಲ್ಲಿ ಒಡವೆಗಳು ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಬಟ್ಟೆಯು ಮಾತ್ರ ಒಂದೆರಡು ಗೀರುಗಳಿಂದ ಸೂಚಿತವಾಗುತ್ತದೆ, ಇಲ್ಲವೇ ಸೂಚಿತವೇ ಆಗುವುದಿಲ್ಲ. ಇದನ್ನು ಕಂಡು, ಆ ಕಾಲದವರು ಹೊಲಿದ ಬಟ್ಟೆಯನ್ನು ಅರಿಯರೆಂದೂ, ಸೂಜಿಯ ಕೆಲಸವು ಮುಸಲ್ಮಾನರ ಜೊತೆಗೆ ಬಂದಿತೆಂದೂ ಹೇಳುವುದು ರೂಢಿಯಾಗಿದೆ. ಶಿಲ್ಪಿಯ ಉಳಿಯು ದೈವದ ಮೈಯನ್ನು ಕಡೆಯಿತೇ ಹೊರತು ಊರಿನ ಹೆಂಗಸರ ಉಡುಪಿನ ಪಟ್ಟಿಯನ್ನು ಬರೆಯಲಿಲ್ಲ. ಅಮರಸಿಂಹನು ನೇಕಾರನಿಗೆ ತಂತುವಾಯ, ಕುವಿಂದ ಎಂದೂ, ಹೊಲಿಯುವವನಿಗೆ ತುನ್ನವಾಯ, ಸೌಚಿಕ ಎಂದೂ ಬೇರೆ ಬೇರೆ ಹೆಸರುಗಳನ್ನು ಹೇಳಿದನು. ಚೋಲ, ಕೂರ್ಪಾಸಕಗಳನ್ನು ಪರ್ಯಾಯವಾಗಿ ಕೊಟ್ಟನು. ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯು ಇದ್ದನು. ಕೂರ್ಪಾಸವು ಪ್ರಾಕೃತದ ನಿಯಮದಂತೆ ‘ಕುಪ್ಪಸ’ವಾಯಿತು, ಕಾರ್ಪಾಸವು ‘ಕಪ್ಪಾಸ’ವಾಗಿ ಮರಾಠಿಯಲ್ಲಿ ‘ಕಾಪೂಸ’ವಾದುದೂ ಇದೇ ದಾರಿಯಲ್ಲಿ. ಬೆಳಗಾವಿಯ ಪೇಟೆಯಲ್ಲಿ ಕುಬಸ, ಚೋಳಿ ಎಂಬ ಎರಡು ಮಾತುಗಳನ್ನೂ ಒಂದೇ ಅಂಗಡಿಯಲ್ಲಿ ಕೇಳಬಹುದು. ಅಮರನ ಎರಡು ಪರ್ಯಾಯಗಳೂ ಇಂದಿಗೂ ಜೊತೆಯಾಗಿಯೇ ಇವೆ. ಅರಿವೆ ಮಾರುವವನಿಗೆ ಹಳಗನ್ನಡದಲ್ಲಿ ‘ದೂಸಿಗ’ನೆಂದು ಹೆಸರು; ಮರಾಠಿ ಗುಜರಾತಿಗಳ ‘ದೋಶಿ’ಯೂ ಅದರ ಒಡಹುಟ್ಟು.

ಉಡುಪೆಂದರೆ ಹೊಲಿದುದೇ ಆಗಬೇಕೆಂಬ ಇಂದಿನ ಎಣಿಕೆಯೇ ಈ ವಾದಕ್ಕೆಲ್ಲ ಮೂಲ. ಧೋತರ, ಸೀರೆಗಳು ಮಗ್ಗದಲ್ಲಿಯೇ ಪೂರ್ಣವಾದ ಉಡುಪುಗಳು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಗೆ, ಖಾನಾಪುರದ ಪಶ್ಚಿಮದ ಮಳೆಯಲ್ಲಿ, ಕಂಬಳಿಯನ್ನು ಮಡಿಚಿ ತಲೆಯ ಮೇಲಿಂದ ಇಳಿಬಿಟ್ಟರೆ ಅದು ಕೊಪ್ಪೆಯಾಗುವುದು. ಕತ್ತರಿಯೂ ಬೇಡ, ಸೂಜಿಯೂ ಬೇಡ. ಕುರಿಯ ಉಣ್ಣೆಯ ಹಾಸಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ನೇಯ್ದ ಆ ಕಂಬಳಿಯನ್ನು ಅಮರನು ‘ರಲ್ಲಕ’ವೆಂದೂ ಕರೆದನು. ಈ ಎರಡು ಬಗೆಗಳ ನಡುವೆ ನಿಲ್ಲುವುದು ಗುಳೇದಗುಡ್ಡದ ಖಣ. ಅದು ಹೊಲಿಯಬೇಕಾದ ಬಟ್ಟೆ. ಆದರೆ ಒಂದು ಕುಬಸಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಗೆ, ಎರಡು ಕಡೆಗೂ ದಡಿಯಿಟ್ಟು, ತೋಳಿನ ಅಂಚಿಗೂ ಕೆಳಗಿನ ಅಂಚಿಗೂ ಆ ದಡಿಯು ಬರುವಂತೆ ಮಗ್ಗದಲ್ಲಿಯೇ ಎಣಿಸಿ ನೇಯ್ದುದು. ಸಿಂಪಿಗನ ಕತ್ತರಿಯನ್ನು ನೇಕಾರನು ಮೊದಲೇ ಊಹಿಸಿರುತ್ತಾನೆ. ಉಡಿ ತುಂಬುವಾಗ ಖಣವನ್ನು ಹೊಲಿಯದೆಯೇ ಕೊಡುವುದರಿಂದ ಅದು ಬಟ್ಟೆಯಾಗಿಯೇ ಪೂಜ್ಯವೆಂಬುದೂ ಗಮನಾರ್ಹ.

ಕಸೂತಿಯ ಶಬ್ದವನ್ನು ಕೈ ಮತ್ತು ಸೂತಿ ಎಂದು ಬಿಡಿಸುವುದು ಜನಪ್ರಿಯವಾಗಿದೆ. ವ್ಯುತ್ಪತ್ತಿಯು ನಿಂತರೂ ಬಿದ್ದರೂ ಆ ಕೆಲಸದ ಸ್ವರೂಪವನ್ನು ಅದು ತಿಳಿಸದು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೂರನೆಯದರ ಹೆಸರೇ ಮಗ್ಗವನ್ನು ನೆನಪಿಗೆ ತರುತ್ತದೆ. ಬಟ್ಟೆಯ ಮೇಲೆ ಗೆರೆಗಳನ್ನು ಬರೆಯದೆ, ಹಾಸುಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಹಾಕುವುದು ಅದರ ಕ್ರಮ. ಎಳೆಗಳು ಕಣ್ಣಿಗೆ ಕಾಣದಷ್ಟು ನಯವಾದ ಗಿರಣಿಯ ಬಟ್ಟೆಯ ಮೇಲೆ ಈಗ ಜಾಳಿಗೆಯಂಥ ಬೇರೊಂದು ಬಟ್ಟೆಯನ್ನು ಇಟ್ಟು ಎಣಿಸಿ, ಆಮೇಲೆ ಅದರ ಎಳೆಗಳನ್ನು ಕಿತ್ತುಹಾಕುತ್ತಾರೆ.

ವಡಗಾವಿ ಖಾಸಬಾಗಗಳಲ್ಲಿ ಇಂದು ಕೇಳಿಬರುವುದು ಹೆಚ್ಚಾಗಿ ವಿದ್ಯುನ್ಮಗ್ಗಗಳ ಸದ್ದು, ಕೈಮಗ್ಗಗಳು ವಿರಳವಾಗಿವೆ. ಲಾಳಿಯೂ ಕಂಡಿಕೆಯೂ ವಿದ್ಯುನ್ಮಗ್ಗದಲ್ಲಿ ಇನ್ನೂ ಇರುವುದರಿಂದ ಆ ಶಬ್ದಗಳು ಬದುಕಿವೆ. ತುಳಿಹಲಗೆಯಿಲ್ಲ, ಓಣಿಯಲ್ಲಿ ಹರವುವ ಹಾಸಿಲ್ಲ. ದಾಸಿಮಯ್ಯನ ಮೊದಲ ಮೂರು ಕ್ರಿಯೆಗಳು ಕಣ್ಣಿಂದ ಮರೆಯಾಗಿ ನಾಲ್ಕನೆಯದು ಮಾತ್ರ ಉಳಿದಿದೆ. ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದೆಡೆಗಳಲ್ಲಿ ಅದೂ ಇಲ್ಲ. ವಚನಕ್ಕೆ ಟಿಪ್ಪಣಿ ಬರೆಯುವವರು ಕೈಮಗ್ಗದಲ್ಲಿ ದುಡಿದ ಹಿರಿಯರ ಬಾಯಿಂದ ಉಂಕೆ, ಸರಿಗೆ, ಮುಳ್ಳುಗಳನ್ನು ಬರೆದುಕೊಳ್ಳುವುದಾದರೆ ಈಗಲೇ ಬರೆದುಕೊಳ್ಳಬೇಕು. ಮರಾಠಿಯಾಡುವ ನೇಕಾರರ ತಾಣಾ, ಬಾಣಾ, ಮಾಗಗಳನ್ನೂ ಅವುಗಳ ಪಕ್ಕದಲ್ಲಿಯೇ ಬರೆಯಬೇಕು.

ಪತಂಜಲಿಯು ಮಹಾಭಾಷ್ಯದಲ್ಲಿ ಒಂದು ಲೌಕಿಕ ದೃಷ್ಟಾಂತವನ್ನು ಹೇಳುತ್ತಾನೆ. ಒಬ್ಬನು ನೇಕಾರನ ಬಳಿಗೆ ಹೋಗಿ, ಈ ನೂಲಿನಿಂದ ಒಂದು ಶಾಟಕವನ್ನು ನೇಯ್ದುಕೊಡೆಂದನು. ಶಾಟಕವಾಗಿದ್ದರೆ ನೇಯಬೇಕಾದುದಿಲ್ಲ, ನೇಯಬೇಕಾಗಿದ್ದರೆ ಅದು ಶಾಟಕವಲ್ಲವೆಂದು ನೇಕಾರನು ಚಿಂತಿಸಿ, ಮುಂದೆ ಆಗಲಿರುವುದಕ್ಕೆ ಈಗಲೇ ಇಟ್ಟ ಹೆಸರಿದು ಎಂದು ತಿಳಿದುಕೊಳ್ಳುತ್ತಾನೆ. ಭಾವಿಸಂಜ್ಞೆಯೆಂದು ವೈಯಾಕರಣರು ಅದನ್ನು ಕರೆದರು. ದಾಸಿಮಯ್ಯನ ವಚನದಲ್ಲಿ ಸೀರೆಯೆಂಬ ಹೆಸರು ಬರುವುದು ಕಡೆಯಲ್ಲಿ, ಕಂಡಿಕೆಯು ಮುಗಿದ ಮೇಲೆ. ಅದಕ್ಕೆ ಮುಂಚೆ ಇರುವುದೆಲ್ಲ ಉಂಕೆ, ಎಳೆ, ನೂಲು. ಅಲ್ಲಿ ಭಾವಿಸಂಜ್ಞೆಯಿಲ್ಲ. ಬಟ್ಟೆಯಾದ ಬಳಿಕವೇ ಬಟ್ಟೆಗೆ ಹೆಸರು, ಹೆಸರಿನ ಬಳಿಕವೇ ನೇಯ್ದವನ ಪ್ರಶ್ನೆ.